ಹಳೇ ಹಿಮಾಲಯನ್ನೋ, ಹೊಸದೋ? ಕೊಳ್ಳುವ ಮುನ್ನ ಇಸವಿ ಓದುವುದು ಹೀಗೆ

'2020ರ ಮಾಡಲ್, ಒಳ್ಳೇ ರೇಟಿಗೆ ಸಿಕ್ತು' ಎಂದು ನನ್ನ ಚಿಕ್ಕಪ್ಪನ ಮಗ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕ್ ತಂದು ಅಂಗಳದಲ್ಲಿ ನಿಲ್ಲಿಸಿದ. ಖುಷಿಯಲ್ಲಿದ್ದ. ನಾನು ಆರ್‌ಸಿ ಕೇಳಿದೆ. ನೋಂದಣಿ 2020ರ ಫೆಬ್ರವರಿ. ಅದೇ ಕಾರ್ಡಿನಲ್ಲಿ, ಸಣ್ಣ ಅಕ್ಷರದಲ್ಲಿ, ತಯಾರಾದ ತಿಂಗಳು: 2019ರ ಆಗಸ್ಟ್. ಅಂದರೆ ಅದು ಬಿಎಸ್ 4 ಗಾಡಿ. ಬಿಎಸ್ ಎಂದರೆ ಗಾಡಿ ಎಷ್ಟು ಹೊಗೆ ಬಿಡಬಹುದು ಎಂಬ ಸರ್ಕಾರದ ಮಾನದಂಡ, ಅಂಕಿ ಹೆಚ್ಚಾದಷ್ಟೂ ಹೊಸದು. ಅವನು ಕೊಟ್ಟಿದ್ದು ಬಿಎಸ್ 6 ಗಾಡಿಯ ರೇಟು. ಮಾರಿದವರು ಸುಳ್ಳು ಹೇಳಿರಲಿಲ್ಲ. ಇವನೇ ಕೇಳಬೇಕಾದ್ದನ್ನು ಕೇಳಿರಲಿಲ್ಲ.

ಆಮೇಲೂ ಮೂರು ನಾಲ್ಕು ಜನ ಇದೇ ತಪ್ಪು ಮಾಡಿದ್ದನ್ನು ನೋಡಿದ್ದೇನೆ. ಅದಕ್ಕೇ ಈ ಲೇಖನ.

ಹೆಜ್ಜೆ 1: ಇಸವಿ ಬಿಡಿ, ತಲೆಮಾರು ಹಿಡಿಯಿರಿ

ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬಂದಿದ್ದು 2016ರ ಮಾರ್ಚ್‌ನಲ್ಲಿ. 411 ಸಿಸಿ ಎಂಜಿನ್, ಐದು ಗೇರ್, 15 ಲೀಟರ್ ಟ್ಯಾಂಕ್, ಮುಂದೆ 21 ಇಂಚಿನ ಚಕ್ರ. ಈ ಲೆಕ್ಕ ಕೊನೆಯ 411ರವರೆಗೂ ಹೆಚ್ಚೇನೂ ಬದಲಾಗಲಿಲ್ಲ. ಬದಲಾಗಿದ್ದು ಸುತ್ತಲಿನ ಸಾಮಾನು.

ಮೊದಲ ತಲೆಮಾರಿನದು ಕಾರ್ಬುರೇಟರ್ ಗಾಡಿ, ಬಿಎಸ್ 3. 2017ರ ಏಪ್ರಿಲ್ 1ರಿಂದ ಬಿಎಸ್ 3 ವಾಹನ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತಲ್ಲ, ಆಗ ಮಾರ್ಚ್ ಕೊನೆಯ ಎರಡು ದಿನ ಶೋರೂಂಗಳ ಮುಂದೆ ಜಾತ್ರೆಯೇ ಆಗಿತ್ತು. ಆಗ ನೋಂದಣಿಯಾದ ಎಷ್ಟೋ ಗಾಡಿಗಳು '2017ರ ಮಾಡಲ್' ಎಂಬ ಹೆಸರಿನಲ್ಲಿ ಇವತ್ತಿಗೂ ಮಾರಾಟಕ್ಕೆ ಬರುತ್ತವೆ. ಅವು ಕಾರ್ಬುರೇಟರ್ ಗಾಡಿಗಳೇ. ಅದೇ ವರ್ಷ, ಕಾರ್ಬುರೇಟರ್ ಬದಲು ಪೆಟ್ರೋಲನ್ನು ಅಳೆದು ಸಿಂಪಡಿಸುವ ಫ್ಯುಯೆಲ್ ಇಂಜೆಕ್ಷನ್ ಇರುವ ಬಿಎಸ್ 4 ಬಂತು. ಮುಂದಿನ ವರ್ಷ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಸೇರಿತು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕಿಗೂ ಎಬಿಎಸ್ ಕಡ್ಡಾಯವಾಯಿತು. ಹಾಗಾಗಿ 2018ರ ಗಾಡಿ ಎಂದರೆ ಎಬಿಎಸ್ ಇರಬಹುದು, ಇಲ್ಲದೆಯೂ ಇರಬಹುದು.

2020ರ ಜನವರಿಯಲ್ಲಿ ಬಿಎಸ್ 6. ಇದರಲ್ಲಿ ಹಿಂದಿನ ಚಕ್ರದ ಎಬಿಎಸ್ ಆಫ್ ಮಾಡುವ ಬಟನ್ ಇದೆ, ಹಜಾರ್ಡ್ ಲೈಟ್ ಇದೆ. ಗುರುತು ಹಿಡಿಯಲು ಇವೆರಡೇ ಸಾಕು. ಆದರೆ ಬಿಎಸ್ 4 ಗಾಡಿಗಳನ್ನು ಆ ವರ್ಷದ ಮಾರ್ಚ್ ಕೊನೆಯವರೆಗೂ ಮಾರಲು ಅವಕಾಶ ಇತ್ತು. ನಮ್ಮ ಹುಡುಗ ಎಡವಿದ್ದು ಅಲ್ಲೇ. 2021ರಲ್ಲಿ ಟ್ರಿಪ್ಪರ್ ಎಂಬ ದಾರಿ ತೋರಿಸುವ ಪುಟ್ಟ ಪರದೆ ಬಂತು. ಅದಕ್ಕಿಂತ ಮುಖ್ಯವಾಗಿ, ಟ್ಯಾಂಕಿನ ಪಕ್ಕದ ಕಂಬಿ ಸ್ವಲ್ಪ ಮುಂದಕ್ಕೆ ಹೋಯಿತು. ಉದ್ದ ಕಾಲಿನವರ ಮೊಣಕಾಲು ಹಳೆಯ ಗಾಡಿಯಲ್ಲಿ ಆ ಕಂಬಿಗೇ ತಾಗುತ್ತಿತ್ತು.

2023ರ ನವೆಂಬರ್‌ನಲ್ಲಿ ಬಂದ 450 ಬೇರೆಯದೇ ಗಾಡಿ. 452 ಸಿಸಿ, ನೀರಿನಿಂದ ತಣಿಯುವ ಎಂಜಿನ್, ಆರು ಗೇರ್, 17 ಲೀಟರ್ ಟ್ಯಾಂಕ್. ಹಳೆಯದಕ್ಕೆ 24 ಚಿಲ್ಲರೆ ಕುದುರೆ ಶಕ್ತಿ, ಇದಕ್ಕೆ 40ರ ಹತ್ತಿರ. ಇಷ್ಟಾದರೂ ತೂಕ 196 ಕೆ.ಜಿ., ಬಿಎಸ್ 6 ಹಳೆಯದಕ್ಕಿಂತ ಮೂರು ಕೆ.ಜಿ. ಕಡಿಮೆ.

ಹೆಜ್ಜೆ 2: ನಿಮ್ಮ ದಾರಿ ಯಾವುದು?

ಒಬ್ಬರೇ ಓಡಾಡುವವರು, ಘಟ್ಟ ಹತ್ತಿ ಇಳಿಯುವುದೇ ನಿಮ್ಮ ಪ್ರವಾಸ ಎನ್ನುವುದಾದರೆ 2021-22ರ 411 ತಗೊಳ್ಳಿ. ಆಗುಂಬೆಯ 14 ತಿರುವುಗಳಲ್ಲಿ ಎರಡನೇ ಗೇರ್‌ನಲ್ಲೇ, ಆಕ್ಸಿಲರೇಟರ್ ಜಾಸ್ತಿ ತಿರುವದೆ, ಅದು ಎಳೆದುಕೊಂಡು ಹೋಗುತ್ತದೆ. ಅದರ ಬಲ ಕೆಳಗಿನ ಆರ್‌ಪಿಎಂನಲ್ಲೇ ಸಿಗುತ್ತದೆ. 450ರ ಪೂರ್ತಿ ಎಳೆತ ಬರುವುದು 5,500 ಆರ್‌ಪಿಎಂಗೆ. ಅದನ್ನು ಕುಣಿಸುತ್ತಲೇ ಓಡಿಸಬೇಕು.

ಹಿಂದೆ ಒಬ್ಬರು ಕೂರುತ್ತಾರೆ, ಎರಡು ಕಡೆ ಬ್ಯಾಗು, ಹುಬ್ಬಳ್ಳಿ ದಾಟಿ ಪುಣೆವರೆಗೆ ಹೋಗುವ ಅಭ್ಯಾಸ ಇದೆ ಎಂದರೆ 450 ಬೇಕು. ಲಾರಿ ದಾಟುವಾಗ ಹಳೆಯದು ಉಸಿರು ಕಟ್ಟುತ್ತದೆ. ಆದರೆ ಸುಮ್ನೆ ವೇಗದ ಆಸೆಗೆ ಹೊಸದು ಬೇಡ. ಹೆದ್ದಾರಿಯಲ್ಲಿ ಬೈಕಿಗಿರುವ ಮಿತಿಯೇ 80 ಕಿ.ಮೀ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕ್ ಬಿಡುತ್ತಲೇ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ 40 ಕುದುರೆ ಏನು ಮಾಡುತ್ತವೆ, ಅಲ್ವಾ?

ಎತ್ತರವನ್ನೂ ನೋಡಿ. 411ರ ಸೀಟು 800 ಮಿ.ಮೀ., 450ರದ್ದು 825. ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ಕಾಲಿಟ್ಟು ನೋಡಿ. ಶೋರೂಂನ ಸಮ ನೆಲ ಮೋಸ ಮಾಡುತ್ತದೆ.

ದುಡ್ಡಿನ ಮಾತು: 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕಿಗೆ ಜಿಎಸ್‌ಟಿ 40% ಆಗಿದೆ. ಹೊಸ 450 ದುಬಾರಿಯಾಗಿದೆ. ಹಳೆಯದನ್ನು ಹುಡುಕುವವರು ಜಾಸ್ತಿಯಾದರೆ ಅದಕ್ಕೆ ಇದೂ ಕಾರಣ.

ಕಾರ್ಬುರೇಟರ್ ಗಾಡಿ ನಾನು ಯಾರಿಗೂ ಹೇಳುವುದಿಲ್ಲ. ನೀವೇ ಸ್ಪ್ಯಾನರ್ ಹಿಡಿಯುವವರಾದರೆ ಮಾತ್ರ ಸರಿ. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಹಳೇ ಗಾಡಿಯ ಟ್ಯಾಂಕಿಗೆ, ರಬ್ಬರ್ ಪೈಪಿಗೆ ಅದು ಒಳ್ಳೆಯದಲ್ಲ. ಯಾವ ವರ್ಷದ್ದೇ ಇರಲಿ, ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ತುಕ್ಕು ಇದೆಯಾ ನೋಡಿ. ಕರಾವಳಿಯ ಗಾಡಿಯಾದರೆ ಎಂಜಿನ್ ಕೆಳಗಿನ ತಗಡಿನ ಹಿಂದೆಯೂ ನೋಡಿ.

ಹೆಜ್ಜೆ 3: ತಣ್ಣಗಿರುವ ಎಂಜಿನ್, ಆಮೇಲೆ ಕೋನ್ ಸೆಟ್

ಹೋಗುವ ಮೊದಲೇ ಫೋನ್ ಮಾಡಿ, 'ನಾನು ಬರೋವರೆಗೆ ಸ್ಟಾರ್ಟ್ ಮಾಡ್ಬೇಡಿ' ಎನ್ನಿ. ಹೋದ ತಕ್ಷಣ ಎಂಜಿನ್ ಮೇಲೆ ಅಂಗೈ ಇಡಿ. ಬಿಸಿಯಿದ್ದರೆ ನಮಸ್ಕಾರ ಹೇಳಿ, ಇನ್ನೊಂದು ದಿನ ಬೆಳಗ್ಗೆ ಬನ್ನಿ. ಎಂಜಿನ್ನಿನ ನಿಜವಾದ ಸದ್ದು ಕೇಳುವುದು ಮೊದಲ ಒಂದು ನಿಮಿಷದಲ್ಲಿ ಮಾತ್ರ. ಕೀ ಹಾಕಿದಾಗ ಎಬಿಎಸ್ ದೀಪ ಹೊತ್ತಬೇಕು, ಗಾಡಿ ಚಲಿಸಿದ ಮೇಲೆ ಆರಬೇಕು. ಹೊತ್ತಲೇ ಇಲ್ಲ ಎಂದರೆ ಯಾರೋ ತಂತಿ ತೆಗೆದಿದ್ದಾರೆ ಎಂದೇ ಅನುಮಾನಿಸಿ.

ಈಗ ಕೋನ್ ಸೆಟ್. ಹ್ಯಾಂಡಲ್ ತಿರುಗುವುದು ಇದರ ಮೇಲೆ. ಇದನ್ನು ನೋಡುವವರು ಹತ್ತರಲ್ಲಿ ಒಬ್ಬರೂ ಇಲ್ಲ, ನೋಡಿದವರೂ ಅರ್ಧಂಬರ್ಧ ನೋಡುತ್ತಾರೆ. ಹೊಂಡ ಬಿದ್ದ ರಸ್ತೆಯಲ್ಲಿ ಓಡಿದ ಗಾಡಿಗಳಲ್ಲಿ ಮೊದಲು ಹೋಗುವುದು ಇದೇ.

ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ. ಜೊತೆಗೆ ಬಂದವರಿಗೆ ಹಿಂದಿನ ಕ್ಯಾರಿಯರ್ ಒತ್ತಲು ಹೇಳಿ, ಮುಂದಿನ ಚಕ್ರ ನೆಲ ಬಿಡಬೇಕು. ನೀವು ಮುಂದೆ ನಿಂತು ಹ್ಯಾಂಡಲ್ಲಿನ ಎರಡೂ ತುದಿಗೆ ಒಂದೊಂದೇ ಬೆರಳು ಇಡಿ. ಗಟ್ಟಿಯಾಗಿ ಹಿಡಿಯಬೇಡಿ, ಗಟ್ಟಿ ಹಿಡಿದರೆ ಕೈಗೆ ಏನೂ ಗೊತ್ತಾಗುವುದಿಲ್ಲ. ಎಡದ ತುದಿಯಿಂದ ಬಲದ ತುದಿಗೆ ಹತ್ತು ಸೆಕೆಂಡು ತೆಗೆದುಕೊಂಡು ನಿಧಾನ ತಿರುಗಿಸಿ. ಎಣ್ಣೆಯಲ್ಲಿ ಜಾರಿದ ಹಾಗೆ ಹೋಗಬೇಕು. ಚಕ್ರ ನೆಟ್ಟಗಾಗುವ ಜಾಗದಲ್ಲಿ 'ಟಕ್' ಎಂದು ಗುಳಿಯಲ್ಲಿ ಕೂತ ಹಾಗೆ ಆದರೆ, ಒಳಗಿನ ಬೇರಿಂಗಿನ ಬಳೆಯಲ್ಲಿ ಗುಳಿ ಬಿದ್ದಿದೆ ಎಂದರ್ಥ. ಸರಿಯಾಗಿ ಮಧ್ಯದಲ್ಲೇ ಏಕೆ? ಗಾಡಿ ಬಹುಪಾಲು ನೇರವಾಗಿಯೇ ಓಡುತ್ತದೆ. ಪ್ರತಿ ಹೊಂಡದ ಏಟೂ ಬೇರಿಂಗಿನ ಅದೇ ಜಾಗಕ್ಕೆ ಬೀಳುತ್ತದೆ. ಇಂಥ ಗಾಡಿ ನಿಧಾನಕ್ಕೆ ಹೋಗುವಾಗ ನೆಟ್ಟಗೆ ನಿಲ್ಲದೆ ಆ ಕಡೆ ಈ ಕಡೆ ತಡಕಾಡುತ್ತದೆ. ಓಡಿಸುವವರು ಟಯರ್ ಸರಿಯಿಲ್ಲ ಎಂದುಕೊಂಡು ಟಯರ್ ಬದಲಿಸುತ್ತಾರೆ.

ತೀರ ತುದಿಗಳಲ್ಲಿ ಸ್ವಲ್ಪ ಬಿಗಿ ಸಿಕ್ಕರೆ ಹೆದರಬೇಡಿ, ಅದು ಕೇಬಲ್ ಮತ್ತು ಬ್ರೇಕಿನ ಪೈಪು ಎಳೆಯುವುದು.

ಎರಡನೇ ಪರೀಕ್ಷೆ. ಚಕ್ರ ಎತ್ತಿಯೇ ಇರಲಿ. ಕುಕ್ಕರಗಾಲಲ್ಲಿ ಕೂತು ಫೋರ್ಕಿನ (ಮುಂದಿನ ಚಕ್ರ ಹಿಡಿದಿರುವ ಎರಡು ಕಾಲುಗಳು) ಎರಡೂ ಕೆಳತುದಿ ಹಿಡಿದು ನಿಮ್ಮ ಕಡೆಗೆ ಎಳೆಯಿರಿ, ತಳ್ಳಿ. ಸಡಿಲ ಎನ್ನಿಸಿದರೆ ಅದು ಎಲ್ಲಿಂದ ಎಂದು ತಿಳಿಯಬೇಕು. ಜೊತೆಯವರ ಬೆರಳನ್ನು ಚಾಸಿಗೂ ಫೋರ್ಕ್ ಹಿಡಿದ ಕೆಳಗಿನ ಪಟ್ಟಿಗೂ ನಡುವಿನ ಸಂದಿಯಲ್ಲಿ ಇಡಿಸಿ, ಮತ್ತೆ ಎಳೆಯಿರಿ. ಬೆರಳಿಗೆ ಅಲುಗಾಟ ತಾಗಿದರೆ ಕೋನ್ ಸೆಟ್. ತಾಗದಿದ್ದರೆ ಫೋರ್ಕಿನ ಬುಶ್.

ಎರಡೂ ಪರೀಕ್ಷೆ ಏಕೆಂದರೆ, ಸಡಿಲ ಮುಚ್ಚಿಡಲು ಹಿಂದಿನ ದಿನ ನಟ್ಟು ಬಿಗಿದಿರುತ್ತಾರೆ. ಆಗ ಅಲುಗಾಟ ಸಿಗುವುದಿಲ್ಲ, ಆದರೆ ಹ್ಯಾಂಡಲ್ ಬಿಗಿಯಾಗಿ ತಿರುಗುತ್ತದೆ, ಗುಳಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಗುಳಿ ಬಿದ್ದದ್ದನ್ನು ಗ್ರೀಸ್ ಹಚ್ಚಿ ಸರಿ ಮಾಡಲು ಆಗುವುದಿಲ್ಲ, ಬದಲಿಸಲೇಬೇಕು. ಗಾಡಿ ಬಿಟ್ಟು ಬರುವ ಕಾರಣವಲ್ಲ ಇದು. ಅದರ ಖರ್ಚು ಕಳೆದು ರೇಟು ಮಾತಾಡಿ.

ಹೆಜ್ಜೆ 4: ಉಳಿದದ್ದು

ಚೈನು, ಸ್ಪ್ರಾಕೆಟ್, ಬ್ರೇಕ್ ಪ್ಯಾಡ್, ಟಯರ್: ಸವೆದಿದ್ದರೆ ಬದಲಿಸುವಂಥವು, ತಲೆ ಕೆಡಿಸಿಕೊಳ್ಳಬೇಡಿ. ಸ್ಪೋಕುಗಳನ್ನು ಮಾತ್ರ ಸ್ಪ್ಯಾನರ್‌ನಿಂದ ಒಂದೊಂದಾಗಿ ತಟ್ಟಿ, ಸಡಿಲ ಇದ್ದದ್ದು ಮಂಕಾಗಿ ಸದ್ದು ಮಾಡುತ್ತದೆ.

ಹೆಚ್ಚುವರಿ ಲೈಟು ಹಾಕಿಸಿದ ಗಾಡಿ ಎಂದರೆ ಸೀಟು ಎತ್ತಿ ನೋಡಿ. ರಿಲೇ ಇಲ್ಲದೆ, ತಂತಿ ಸುಲಿದು ಟೇಪು ಸುತ್ತಿದ್ದರೆ ಆ ಲೈಟಿಗೆ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ. ಅದನ್ನು ಕಿತ್ತು ಸರಿ ಮಾಡಿಸುವ ಖರ್ಚು ನಿಮ್ಮದೇ. ಅಗ್ಗದ ಕ್ರ್ಯಾಶ್ ಗಾರ್ಡ್ ಕೂಡ ಹಾಗೇ. ತೆಳು ಪೈಪಿನದ್ದು ಬಿದ್ದಾಗ ಮಡಚಿ ಟ್ಯಾಂಕಿಗೇ ಚುಚ್ಚುತ್ತದೆ.

411ರಲ್ಲಿ ಟ್ಯೂಬ್ ಇರುವ ಚಕ್ರ. ಮೊದಮೊದಲ 450ರಲ್ಲೂ ಅಷ್ಟೇ, ಟ್ಯೂಬ್‌ಲೆಸ್ ಸ್ಪೋಕ್ ಚಕ್ರ ಆಮೇಲೆ ಬಂತು. ಹಳೆಯ 450 ನೋಡುತ್ತಿದ್ದರೆ ಇದನ್ನು ಕೇಳಿ. ಟ್ಯೂಬ್ ಇರುವ ಗಾಡಿ ಕೊಂಡರೆ 21 ಇಂಚಿನ ಟ್ಯೂಬ್ ಒಂದು ಬ್ಯಾಗಿನಲ್ಲಿರಲಿ. ಕೊಟ್ಟಿಗೆಹಾರದ ಪಂಕ್ಚರ್ ಅಂಗಡಿಯಲ್ಲಿ ಆ ಅಳತೆ ಸಿಗುತ್ತದೆ ಎಂದು ನಂಬಿ ಹೊರಡಬೇಡಿ.

ಹೆಜ್ಜೆ 5: ಕಾಗದ

ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲಿರುವುದಕ್ಕೆ ಒಂದೊಂದೇ ಅಕ್ಷರ ಹೋಲಿಸಿ. ಸಾಲದ ಗಾಡಿಯಾಗಿದ್ದರೆ ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡು 'ಆಮೇಲೆ ಮಾಡಿಸೋಣ' ಎಂದು ಇಟ್ಟುಕೊಳ್ಳುವವರಿದ್ದಾರೆ, ಹಾಗೆ ಮಾಡಬೇಡಿ.

ಬೇರೆ ರಾಜ್ಯದ ನಂಬರಿನ ಗಾಡಿ ಅಗ್ಗಕ್ಕೆ ಕಾಣುತ್ತದೆ. ಅಲ್ಲಿನ ಆರ್‌ಟಿಒದ ಎನ್‌ಒಸಿ ತಂದು, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿದ ಮೇಲೆ ಅದು ಅಗ್ಗ ಉಳಿಯುತ್ತದಾ ಎಂದು ಲೆಕ್ಕ ಹಾಕಿ. ನಾನಂತೂ ನಮ್ಮ ಕೆಎ ನಂಬರಿನದನ್ನೇ ಹುಡುಕುತ್ತೇನೆ.

ಮನೆಗೆ ತಂದ ವಾರದಲ್ಲಿ ಎಂಜಿನ್ ಆಯಿಲ್, ಫಿಲ್ಟರ್, ಬ್ರೇಕ್ ಫ್ಲೂಯಿಡ್ ಬದಲಿಸಿ. ಹಳೇ ಮಾಲೀಕರು ಮೊನ್ನೆ ತಾನೇ ಮಾಡಿಸಿದ್ದೇವೆ ಎಂದರೂ ಬದಲಿಸಿ. ಆಮೇಲೆ ಬ್ಯಾಗು ಕಟ್ಟದೆ, ಮನೆಯಿಂದ ನೂರು ಕಿಲೋಮೀಟರ್ ದಾಟದ ಹಾಗೆ, ಒಂದು ಭಾನುವಾರ ಓಡಿಸಿ. ಏನಾದರೂ ಕಳಚುವುದಿದ್ದರೆ ಅವತ್ತೇ ಕಳಚಲಿ, ಚಾರ್ಮಾಡಿಯ ಮಳೆಯಲ್ಲಿ ಬೇಡ.