ಅಮೆರಿಕದಲ್ಲಿ ಇನ್ಶೂರೆನ್ಸ್ ಕಾರ್ಡ್ ಇದ್ದರೆ ಸಾಕಾ?

ಆಫೀಸಿನ ಇನ್ಶೂರೆನ್ಸ್ ಇದೆ, ಇನ್ನೇನು ಚಿಂತೆ ಅಂತ ಇಲ್ಲಿಗೆ ಬಂದ ಹೊಸದರಲ್ಲಿ ಎಲ್ಲರೂ ಅಂದುಕೊಳ್ಳುತ್ತೇವೆ. ಕ್ಯಾನ್ಸರ್ ವಿಷಯದಲ್ಲಿ ಅದು ಅರ್ಧ ನಿಜ.

1999ರಲ್ಲಿ ಒಂದು ಅಧ್ಯಯನ ಬಂತು. ಅದರಲ್ಲಿದ್ದವರೆಲ್ಲ 65 ತುಂಬಿದವರು, ಎಲ್ಲರಿಗೂ ಮೆಡಿಕೇರ್ (ವಯಸ್ಸಾದವರಿಗೆ ಸರ್ಕಾರ ಕೊಡುವ ಇನ್ಶೂರೆನ್ಸ್) ಇತ್ತು, ಎಲ್ಲರದೂ ಶುರುವಿನ ಹಂತದ ಶ್ವಾಸಕೋಶದ ಕ್ಯಾನ್ಸರ್. ಬಿಳಿಯರಲ್ಲಿ ನೂರಕ್ಕೆ ಸುಮಾರು 77 ಜನರಿಗೆ ಆಪರೇಷನ್ ಆಯಿತು, ಕಪ್ಪು ವರ್ಣೀಯರಲ್ಲಿ 64. ಆಪರೇಷನ್ ಆದವರು ಬದುಕುಳಿದದ್ದು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಕಾಯಿಲೆ ಗೊತ್ತಾದ ಮೇಲೆ, ಆಪರೇಷನ್ ಟೇಬಲ್ ಮುಟ್ಟುವ ಮುಂಚೆಯೇ ಜನ ಕಳೆದುಹೋಗಿದ್ದರು. ಇವತ್ತಿಗೂ ಸ್ತನ ಕ್ಯಾನ್ಸರ್‌ನಿಂದ ಸಾಯುವ ಪ್ರಮಾಣ ಬಿಳಿ ಹೆಂಗಸರಿಗಿಂತ ಕಪ್ಪು ಹೆಂಗಸರಲ್ಲಿ ಸುಮಾರು ಶೇ 40 ಜಾಸ್ತಿ. ಕಾಯಿಲೆ ಬರುವುದೇನೋ ಅವರಿಗೆ ಸ್ವಲ್ಪ ಕಡಿಮೆಯೇ.

ಅವರ ಕಷ್ಟ ನಮ್ಮದೂ ಅಂತ ಹೇಳಿಕೊಳ್ಳೋದು ಸರಿಯಲ್ಲ. ಆದರೆ ನಡೆಯಬೇಕಾದ ದಾರಿ ಎಲ್ಲರಿಗೂ ಅದೇ.

ಹೆಂಗಸರಿಗೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) 40ನೇ ವಯಸ್ಸಿನಿಂದ ಎರಡು ವರ್ಷಕ್ಕೊಮ್ಮೆ, ಕರುಳಿನ ಕ್ಯಾನ್ಸರ್ ಪರೀಕ್ಷೆ 45ರಿಂದ. ಇನ್‌ನೆಟ್‌ವರ್ಕ್‌ನಲ್ಲಿ (ಇನ್ಶೂರೆನ್ಸ್ ಕಂಪನಿ ಜೊತೆ ಒಪ್ಪಂದ ಇರುವ ಕಡೆ) ಮಾಡಿಸಿದರೆ ಸಾಮಾನ್ಯವಾಗಿ ಕೈಯಿಂದ ಖರ್ಚಿಲ್ಲ. ಗಂಟು ಸಿಕ್ಕಿದೆ ಅಂದರೆ ಅದು ಸ್ಕ್ರೀನಿಂಗ್ (ಲಕ್ಷಣ ಇಲ್ಲದಾಗ ಮಾಡುವ ತಪಾಸಣೆ) ಅಲ್ಲ, ಡಯಾಗ್ನಾಸ್ಟಿಕ್ (ಕಾಯಿಲೆ ಇದೆಯಾ ಅಂತ ನೋಡುವ ಪರೀಕ್ಷೆ), ಬಿಲ್ ಬರಬಹುದು. ಬಿಲ್ಲಿಗೆ ಹೆದರಿ ಗಂಟನ್ನು ಮುಚ್ಚಿಡಬೇಡಿ, ಅಷ್ಟೇ.

ನನ್ನ ಹೆಂಡತಿಗೆ ಮ್ಯಾಮೊಗ್ರಾಮ್ ಆದ ಮೇಲೆ 'ಇನ್ನೊಮ್ಮೆ ಬನ್ನಿ' ಅಂತ ಕ್ಲಿನಿಕ್‌ನಿಂದ ಕರೆ ಬಂತು. ಎಂಆರ್‌ಐಗೆ ಇನ್ಶೂರೆನ್ಸ್‌ನವರ ಪ್ರಯರ್ ಆಥರೈಸೇಷನ್, ಅಂದರೆ ಮುಂಚಿತ ಒಪ್ಪಿಗೆ, ಬೇಕಿತ್ತು. ಮೂರು ವಾರ 'ಪೆಂಡಿಂಗ್'. ಸುಮ್ನೆ ತೊಂದರೆ ಯಾಕೆ ಕೊಡೋದು ಅಂತ ನಾವೂ ಕಾದೆವು. ಕೊನೆಗೆ ಫೋನ್ ಮಾಡಿದರೆ ಕ್ಲಿನಿಕ್‌ನಿಂದ ಫ್ಯಾಕ್ಸೇ ಹೋಗಿರಲಿಲ್ಲ! ಹೌದು, ಇಲ್ಲಿ ಈಗಲೂ ಫ್ಯಾಕ್ಸ್. ಆಮೇಲೆ ಎರಡೇ ದಿನದಲ್ಲಿ ಒಪ್ಪಿಗೆ ಸಿಕ್ಕಿತು. ಅವತ್ತಿನಿಂದ ಪ್ರತಿ ಕರೆಯ ತಾರೀಖು, ಮಾತಾಡಿದವರ ಹೆಸರು, ರೆಫರೆನ್ಸ್ ನಂಬರ್ ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇವೆ. ಇನ್ಶೂರೆನ್ಸ್‌ನವರು ಆಗಲ್ಲ ಅಂದರೂ ಅಪೀಲು ಹಾಕಲು 180 ದಿನ ಇರುತ್ತದೆ. ಅಲ್ಲೂ ತಿರಸ್ಕರಿಸಿದರೆ ಹೊರಗಿನವರಿಂದ ಮರುಪರಿಶೀಲನೆ ಕೇಳಬಹುದು.

ಗ್ರೀನ್ ಕಾರ್ಡ್ ಮೇಲೆ ಅಪ್ಪ ಅಮ್ಮ ಜೊತೆಗಿದ್ದಾರಾ? ಫೆಡರಲ್ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯನ್ನು ಪುಕ್ಕಟೆ ಕೊಡಲೇಬೇಕು. ಅಪಾಯಿಂಟ್‌ಮೆಂಟ್ ಮಾಡುವಾಗಲೇ 'ಕನ್ನಡ' ಅಂತ ಹೇಳಿ, ಇಲ್ಲದಿದ್ದರೆ ಹಿಂದಿಯವರನ್ನು ಕೂರಿಸಿಬಿಡುತ್ತಾರೆ. ನಾನೇ ಇದ್ದೀನಲ್ಲ, ದುಭಾಷಿ ಯಾಕೆ ಅಂತ ನನಗೂ ಅನ್ನಿಸಿತ್ತು. ನಾನು ಹೊರಗೆ ಹೋದ ಮೇಲೆ ಅಮ್ಮ ಫೋನಿನಲ್ಲಿದ್ದ ದುಭಾಷಿ ಹೆಂಗಸಿಗೆ, ಎದೆಯ ಹತ್ತಿರ ಆರು ತಿಂಗಳಿಂದ ನೋವಿದೆ ಅಂತ ಹೇಳಿದರಂತೆ.