ಕಂಪ್ಯೂಟರ್ ಸೈನ್ಸ್ ಸ್ನಾತಕೋತ್ತರ ಪದವಿ: ಕೊನೆಯ ಸೆಮಿಸ್ಟರ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿ

ತೆಗೆದುಕೊಂಡ ವಿಷಯಗಳೆಲ್ಲ ಪಾಸಾಗಿದ್ದರೂ ಪದವಿ ಕೈಗೆ ಸಿಗದೆ ಇನ್ನೊಂದು ಸೆಮಿಸ್ಟರ್ ಓದಬೇಕಾದವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಇವರು ಓದಿನಲ್ಲಿ ಹಿಂದಿರುವುದಿಲ್ಲ, ಷರತ್ತುಗಳ ಪಟ್ಟಿಯನ್ನು ತಡವಾಗಿ ಓದಿರುತ್ತಾರೆ. ಸೇರಿದ ಮೊದಲ ತಿಂಗಳಲ್ಲೇ ಒಂದು ಹಾಳೆ ಮಾಡಿಕೊಳ್ಳಿ. ಷರತ್ತು, ಅದಕ್ಕೆ ಹೊಂದುವ ವಿಷಯದ ಕೋಡ್, ಕ್ರೆಡಿಟ್, ಸೆಮಿಸ್ಟರ್, ಗ್ರೇಡ್ ಎಂಬ ಐದು ಕಾಲಂ ಸಾಕು. ನೀವು ಸೇರಿದ ವರ್ಷದ ನಿಯಮ ಪುಸ್ತಕವನ್ನೇ ಅನುಸರಿಸಿ. ಸೀನಿಯರ್‌ಗಳ ವರ್ಷದ ನಿಯಮ ನಿಮಗೆ ಅನ್ವಯಿಸದೇ ಇರಬಹುದು.

ಕ್ರೆಡಿಟ್ ಲೆಕ್ಕ

ಅಮೆರಿಕದಲ್ಲಿ ಸಾಮಾನ್ಯವಾಗಿ 30ರಿಂದ 36 ಸೆಮಿಸ್ಟರ್ ಕ್ರೆಡಿಟ್ ಬೇಕು, ಅಂದರೆ 3 ಕ್ರೆಡಿಟ್‌ನ 10ರಿಂದ 12 ವಿಷಯ. ಯುರೋಪಿನ ಎರಡು ವರ್ಷದ ಪದವಿಗೆ 120 ಇಸಿಟಿಎಸ್ (ಯುರೋಪಿನ ದೇಶಗಳ ಸಾಮಾನ್ಯ ಕ್ರೆಡಿಟ್ ಪದ್ಧತಿ) ಕ್ರೆಡಿಟ್. ಬ್ರಿಟನ್ನಿನ ಒಂದು ವರ್ಷದ ಪದವಿಗೆ ಅಲ್ಲಿನದೇ ಬೇರೆ ಅಳತೆಯ 180 ಕ್ರೆಡಿಟ್, ಅದರಲ್ಲಿ ಕೊನೆಯ ಪ್ರಬಂಧದ್ದೇ (ಥೀಸಿಸ್) ಸಾಮಾನ್ಯವಾಗಿ 60. ಒಂದು ಇಸಿಟಿಎಸ್ ಎಂದರೆ 25ರಿಂದ 30 ಗಂಟೆಯ ಕೆಲಸ. 6 ಇಸಿಟಿಎಸ್‌ನ ಒಂದು ವಿಷಯವನ್ನು 15 ವಾರಕ್ಕೆ ಹಂಚಿದರೆ ವಾರಕ್ಕೆ 10ರಿಂದ 12 ಗಂಟೆ ಅದಕ್ಕೇ ಹೋಗುತ್ತದೆ. ನೌಕರಿ ಮಾಡುತ್ತಾ ಓದುವವರು ಸೆಮಿಸ್ಟರಿಗೆ ಎಷ್ಟು ವಿಷಯ ಎಂದು ತೀರ್ಮಾನಿಸುವ ಮುಂಚೆ ಈ ಗುಣಾಕಾರ ಮಾಡಲೇಬೇಕು.

ಪಾಸಾದ ಕ್ರೆಡಿಟ್‌ಗಳೆಲ್ಲ ಪದವಿಗೆ ಸೇರುವುದಿಲ್ಲ. ಬೇರೆ ಶಾಖೆಯಿಂದ ಬಂದವರಿಗೆ ಡಿಸ್ಕ್ರೀಟ್ ಗಣಿತ, ಡೇಟಾ ಸ್ಟ್ರಕ್ಚರ್, ಅಲ್ಗಾರಿದಂ, ಆಪರೇಟಿಂಗ್ ಸಿಸ್ಟಂ, ಕಂಪ್ಯೂಟರ್ ಆರ್ಕಿಟೆಕ್ಚರ್ ಇಂಥ ಬುನಾದಿ ವಿಷಯಗಳನ್ನು ಹಾಕುತ್ತಾರೆ. ಇವು ಬಹುತೇಕ ಕಡೆ ಲೆಕ್ಕಕ್ಕೆ ಹೊರಗೆ. ವಿನಾಯಿತಿ ಪರೀಕ್ಷೆ ಇದ್ದರೆ ಮೊದಲ ವಾರದಲ್ಲೇ ಬರೆದುಬಿಡಿ. ಇನ್ನು ಬೇರೆ ವಿಶ್ವವಿದ್ಯಾಲಯದಿಂದ ತರುವ ಕ್ರೆಡಿಟ್‌ಗೆ ಮಿತಿ ಇರುತ್ತದೆ. ಹಿಂದಿನ ಪದವಿಗೆ ಒಮ್ಮೆ ಬಳಸಿದ್ದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ವಿಷಯಗಳ ಸರದಿ

ಹೆಚ್ಚಿನ ವಿಭಾಗಗಳು ಥಿಯರಿ, ಸಿಸ್ಟಮ್ಸ್, ಕೃತಕ ಬುದ್ಧಿಮತ್ತೆ ಮತ್ತು ಅನ್ವಯ ಎಂದು ಗುಂಪು ಮಾಡಿ, ಪ್ರತಿ ಗುಂಪಿನಿಂದ ಒಂದಾದರೂ ವಿಷಯ ಕೇಳುತ್ತವೆ. ಎಲ್ಲರೂ ಮೆಷಿನ್ ಲರ್ನಿಂಗ್‌ಗೆ ಮುಗಿಬಿದ್ದು ಥಿಯರಿಯನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಅಡ್ವಾನ್ಸ್ಡ್ ಅಲ್ಗಾರಿದಂನಂಥ ವಿಷಯ ಎಷ್ಟೋ ಕಡೆ ವರ್ಷಕ್ಕೆ ಒಮ್ಮೆ ಮಾತ್ರ ನಡೆಯುವುದರಿಂದ, ಕೊನೆಯ ಸೆಮಿಸ್ಟರಿನಲ್ಲಿ ಅದು ಇಲ್ಲದಿದ್ದರೆ ಇಡೀ ಪದವಿ ನಿಂತುಹೋಗುತ್ತದೆ. ಅದನ್ನು ಮೊದಲ ವರ್ಷವೇ ಮುಗಿಸಿ. ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಮತ್ತು ಕಂಪೈಲರ್ ಎರಡನ್ನೂ ಒಂದೇ ಸೆಮಿಸ್ಟರಿಗೆ ಹಾಕಿಕೊಳ್ಳಬೇಡಿ. ಎರಡರಲ್ಲೂ ವಾರಗಟ್ಟಲೆ ಕೋಡಿಂಗ್ ಇರುತ್ತದೆ, ಗಡುವುಗಳು ಒಂದರ ಮೇಲೊಂದು ಬೀಳುತ್ತವೆ.

ಒಂದೇ ವಿಷಯ ಎರಡು ಷರತ್ತಿಗೆ ಹೊಂದಬಹುದು, ಆದರೆ ಅದನ್ನು ಎರಡು ಕಡೆ ಎಣಿಸಲು ಬಿಡುತ್ತಾರೆಯೇ ಎಂದು ಇಮೇಲ್ ಮೂಲಕ ಕೇಳಿ ಉತ್ತರ ಇಟ್ಟುಕೊಳ್ಳಿ.

ಗ್ರೇಡ್ ಗಣಿತ

4 ಅಂಕದ ಪದ್ಧತಿಯಲ್ಲಿ (ಎ 4, ಬಿ 3, ಸಿ 2) ಸರಾಸರಿ 3.0, ಅಂದರೆ ಬಿ, ಸಾಮಾನ್ಯ ಕನಿಷ್ಠ ಮಟ್ಟ. ಥೀಸಿಸ್‌ನ 6 ಕ್ರೆಡಿಟ್‌ಗೆ ಗ್ರೇಡ್ ಬದಲು ಬರೀ ಪಾಸ್ ಅಥವಾ ಫೇಲ್ ಕೊಡುವಲ್ಲಿ, ಒಟ್ಟು 30 ಕ್ರೆಡಿಟ್‌ನಲ್ಲಿ ಸರಾಸರಿಗೆ ಬರುವುದು 24 ಕ್ರೆಡಿಟ್, ಅಂದರೆ 8 ವಿಷಯ. ಅದರಲ್ಲಿ 2 ಸಿ ಬಂದರೆ ಉಳಿದ ಆರರಲ್ಲಿ ಕನಿಷ್ಠ 2 ಎ, 4 ಬಿ ಬೇಕು. ಬಿ ಮೈನಸ್ ಎಂದರೆ 2.7. ಮೂರು ಬಿ ಮೈನಸ್ ಸೇರಿದರೆ 0.9 ಕೊರತೆ, ತುಂಬಲು ಒಂದು ಎ ಬೇಕು. ಕೋರ್ ವಿಷಯಕ್ಕೆ ಬಿ ಕಡ್ಡಾಯವೆಂದು ನಿಯಮವಿದ್ದರೆ, ಬಿ ಮೈನಸ್ ಬಂದವರು ಸರಾಸರಿ ಚೆನ್ನಾಗಿದ್ದರೂ ಮತ್ತೆ ಬರೆಯಬೇಕು. ಸೋಲುವ ಸೂಚನೆ ಕಂಡರೆ ಕೈಬಿಡುವ ಕೊನೆಯ ದಿನಾಂಕದೊಳಗೆ ವಿಷಯದಿಂದ ಹೊರಬರುವುದೇ ಮೇಲು.

ಥೀಸಿಸ್ಸೋ, ಪ್ರಾಜೆಕ್ಟೋ?

ಪಿಎಚ್‌ಡಿ ಮನಸ್ಸಿದ್ದರೆ ಥೀಸಿಸ್ ಮಾಡಿ. ನೇರ ಉದ್ಯೋಗಕ್ಕೆ ಹೋಗುವವರಿಗೆ ಪ್ರಾಜೆಕ್ಟ್ ಅಥವಾ ಬರೀ ಕೋರ್ಸ್‌ವರ್ಕ್ ದಾರಿಯೇ ಒಳ್ಳೆಯದು, ಅದರಲ್ಲಿ ಕೀಳರಿಮೆ ಪಡುವಂಥದ್ದು ಏನೂ ಇಲ್ಲ.

ಥೀಸಿಸ್ ಆದರೆ ಮಾರ್ಗದರ್ಶಕರನ್ನು ಮೊದಲ ವರ್ಷ ಮುಗಿಯುವುದರೊಳಗೆ ಒಪ್ಪಿಸಿ. ಅವರ ಬಳಿ ಒಂದು ವಿಷಯ ಓದಿ, ತರಗತಿಯ ಪ್ರಾಜೆಕ್ಟನ್ನೇ ಬೆಳೆಸುವುದು ಸುಲಭದ ಹಾದಿ. ಪ್ರಶ್ನೆ ಕಿರಿದಾಗಿರಲಿ. ‘ಭಾಷಾ ಮಾದರಿಗಳ ಸುಧಾರಣೆ’ ಎಂದರೆ ಮುಗಿಯುವ ಮಾತಲ್ಲ. ‘ಈ ಸಂಕೋಚನ ವಿಧಾನದಿಂದ ಮೆಮೊರಿ ಅರ್ಧಕ್ಕೆ ಇಳಿದಾಗ ಈ ಡೇಟಾಸೆಟ್‌ನಲ್ಲಿ ನಿಖರತೆ ಎಷ್ಟು ಕುಸಿಯುತ್ತದೆ’ ಎಂದರೆ ಅಳೆಯಬಹುದು, ಮುಗಿಸಬಹುದು.

ಹೆಚ್ಚು ಸಮಯ ತಿನ್ನುವುದು ಬೇರೆಯವರು ಪ್ರಕಟಿಸಿದ ಹಳೆಯ ಸಂಶೋಧನಾ ಲೇಖನವೊಂದರ ಫಲಿತಾಂಶವನ್ನು ನಿಮ್ಮ ಯಂತ್ರದಲ್ಲಿ ಮತ್ತೆ ಪಡೆಯುವ ಕೆಲಸ. ಲೈಬ್ರರಿ ಆವೃತ್ತಿ ಬದಲಾಗಿರುತ್ತದೆ, ಡೇಟಾ ಶುದ್ಧಗೊಳಿಸಿದ ಕ್ರಮ ಬರೆದಿರುವುದಿಲ್ಲ. ಅದಕ್ಕೊಂದು ಪೂರ್ತಿ ತಿಂಗಳನ್ನು ತೆಗೆದಿಡಿ. ಪ್ರತಿ ಪ್ರಯೋಗವನ್ನೂ ಬೇರೆ ಬೇರೆ ರ್‍ಯಾಂಡಮ್ ಸೀಡ್‌ಗಳಲ್ಲಿ (ಯಾದೃಚ್ಛಿಕ ಸಂಖ್ಯೆಗಳ ಆರಂಭಿಕ ಬೆಲೆ) ಓಡಿಸಿ ಸರಾಸರಿ, ವ್ಯತ್ಯಾಸ ಎರಡನ್ನೂ ಕೊಡಿ. ಒಂದೇ ಸಲ ಓಡಿಸಿ ಬಂದ ಶೇ 1ರ ಸುಧಾರಣೆಯನ್ನು ಥೀಸಿಸ್ ಪರಿಶೀಲಿಸುವ ಸಮಿತಿ ನಂಬುವುದಿಲ್ಲ, ನಂಬಲೂ ಬಾರದು. ಸಂದರ್ಶನವೋ ಬಳಕೆದಾರರ ಪರೀಕ್ಷೆಯೋ ಇದ್ದರೆ ನೈತಿಕ ಸಮಿತಿಯ ಅನುಮತಿ ಮೊದಲು, ಡೇಟಾ ಆಮೇಲೆ. ಅನುಮತಿಗೆ ಮುಂಚೆ ಕಲೆಹಾಕಿದ್ದನ್ನು ಬಳಸಲು ಬಿಡದಿರಬಹುದು.

ಕೊನೆಯ ಸೆಮಿಸ್ಟರ್

ಥೀಸಿಸ್ ಸಲ್ಲಿಕೆಯ ಗಡುವು ಸೆಮಿಸ್ಟರ್ ಮುಗಿಯುವುದಕ್ಕಿಂತ ವಾರಗಳ ಮೊದಲೇ ಬರುತ್ತದೆ. ಅಲ್ಲಿಂದ ಹಿಂದಕ್ಕೆ ಎಣಿಸಿ: ಸಮಿತಿ ಹೇಳಿದ ತಿದ್ದುಪಡಿಗೆ ಎರಡು ವಾರ, ಅದಕ್ಕೂ ಮುಂಚೆ ಮೌಖಿಕ ಸಮರ್ಥನೆ, ಅದಕ್ಕೂ ಎರಡು ವಾರ ಮುಂಚೆ ಪೂರ್ಣ ಕರಡು ಸದಸ್ಯರ ಕೈಯಲ್ಲಿ. ಅಂದರೆ ಪ್ರಯೋಗಗಳು ಸೆಮಿಸ್ಟರಿನ ಮಧ್ಯಕ್ಕೇ ನಿಲ್ಲಬೇಕು.

ಪದವಿ ಪ್ರದಾನಕ್ಕೆ ಪ್ರತ್ಯೇಕ ಅರ್ಜಿ ಹಾಕಬೇಕಾದ ಕಡೆ ಅದು ತಾನಾಗಿ ಆಗುವುದಿಲ್ಲ, ಗಡುವೂ ಸೆಮಿಸ್ಟರಿನ ಆರಂಭದಲ್ಲೇ ಇರುತ್ತದೆ. ಅರ್ಜಿಯ ಜೊತೆಗೇ ನಿಮ್ಮ ಹಾಳೆಯನ್ನು ವಿಭಾಗದ ಕಚೇರಿಯ ದಾಖಲೆಯ ಪಕ್ಕ ಇಟ್ಟು ಸಾಲು ಸಾಲಾಗಿ ತಾಳೆ ನೋಡಿ. ಹಳೆಯ ಯಾವುದೋ ವಿಷಯದಲ್ಲಿ ‘ಅಪೂರ್ಣ’ ಎಂಬ ಗ್ರೇಡ್ ಉಳಿದಿದ್ದರೆ ಆ ಪ್ರಾಧ್ಯಾಪಕರಿಗೆ ಅದೇ ದಿನ ಬರೆಯಿರಿ. ಅವಧಿ ಮೀರಿದರೆ ಅದು ಅನುತ್ತೀರ್ಣ ಎಂದು ಬದಲಾಗುವ ನಿಯಮ ಹಲವು ಕಡೆ ಇದೆ.