ಯಾರು ಯಾರ ಋಣದಲ್ಲಿ? 'ಗ್ರ್ಯಾಜುಯೇಷನ್' ಸಿನಿಮಾವನ್ನು ನಾನು ನೋಡಿದ ಬಗೆ

ರೊಮೇನಿಯಾದ ನಿರ್ದೇಶಕ ಕ್ರಿಸ್ಟಿಯನ್ ಮುಂಜಿಯು ಅವರ 'ಗ್ರ್ಯಾಜುಯೇಷನ್' ನೋಡಿ ಮುಗಿಸಿದಾಗ ನಾನು ಪೂರ್ತಿ ಆ ಅಪ್ಪನ ಪಕ್ಷದಲ್ಲಿದ್ದೆ. ಎರಡು ಗಂಟೆ ಒಬ್ಬ ಮನುಷ್ಯ ತಪ್ಪಿನ ಮೇಲೆ ತಪ್ಪು ಮಾಡುತ್ತಾ ಹೋದರೂ 'ಬೇಡ ಮಾರಾಯ, ನಿಲ್ಲಿಸು' ಅಂತ ನನಗೆ ಯಾಕೆ ಅನ್ನಿಸಲಿಲ್ಲ? ಅದನ್ನು ಹುಡುಕುವುದಕ್ಕೇ ಮತ್ತೆ ನೋಡಿದೆ, ಈ ಸಲ ಕಾಗದ ಪೆನ್ನು ಇಟ್ಟುಕೊಂಡು.

ಟ್ರಾನ್ಸಿಲ್ವೇನಿಯಾದ ಒಂದು ಸಣ್ಣ ಊರು. ರೋಮಿಯೊ ಅಲ್ಲಿನ ಡಾಕ್ಟರು. ಮಗಳು ಎಲೈಜಾಗೆ ಕೇಂಬ್ರಿಜ್‌ನಲ್ಲಿ ಓದಲು ಸ್ಕಾಲರ್‌ಶಿಪ್ ಸಿಗುವುದರಲ್ಲಿದೆ, ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಒಳ್ಳೆ ಅಂಕ ಬಂದರೆ ಸಾಕು. ಪರೀಕ್ಷೆಗೆ ಮುಂಚಿನ ದಿನ ಅವಳ ಮೇಲೆ ಯಾರೋ ದಾಳಿ ಮಾಡುತ್ತಾರೆ. ಕೈಗೆ ಪೆಟ್ಟು, ಮನಸ್ಸು ಪೂರಾ ಕುಸಿದಿದೆ. ಅಪ್ಪ ದಾರಿ ಹುಡುಕಲು ಹೊರಡುತ್ತಾನೆ.

ನಾನು ಮಾಡಿದ್ದು ಇಷ್ಟೇ: ಪ್ರತಿ ದೃಶ್ಯದಲ್ಲಿ ಯಾರು ಯಾರಿಗೆ ಉಪಕಾರ ಮಾಡುತ್ತಿದ್ದಾರೆ ಅಂತ ಬರೆದು ಬಾಣದ ಗುರುತು ಹಾಕಿದೆ. ಪೊಲೀಸ್ ಗೆಳೆಯ ಉಪಮೇಯರ್ ಹೆಸರು ಹೇಳುತ್ತಾನೆ. ಉಪಮೇಯರ್‌ಗೆ ಲಿವರ್ ಕಸಿ ಆಗಬೇಕು, ಸರದಿಯಲ್ಲಿ ಮುಂದೆ ಬರಲು ಡಾಕ್ಟರ ಸಹಾಯ ಬೇಕು. ಪರೀಕ್ಷೆಯ ಮುಖ್ಯಸ್ಥ ಅದೇ ಉಪಮೇಯರ್‌ನ ಋಣದಲ್ಲಿದ್ದಾನೆ. ಮಗಳು ಉತ್ತರಪತ್ರಿಕೆಯಲ್ಲಿ ಮೂರು ಪದಗಳಿಗೆ ಗೆರೆ ಎಳೆದರೆ ಸಾಕು, ಅದು ಅವಳದ್ದು ಅಂತ ಗುರುತು ಸಿಗುತ್ತದೆ. ಬಾಣಗಳು ಸುತ್ತಿಕೊಂಡು ಮತ್ತೆ ಡಾಕ್ಟರ ಹತ್ತಿರಕ್ಕೇ ಬಂದವು. ಈ ಸುತ್ತು ಪೂರ್ತಿಯಾಗಲು ಯಾರೂ ದುಡ್ಡು ಎಣಿಸಬೇಕಾಗಿಲ್ಲ, ಯಾರೂ ಬೆದರಿಸಬೇಕಾಗಿಲ್ಲ, ಎಲ್ಲರೂ ಮರ್ಯಾದೆಯಿಂದ ಮಾತಾಡುತ್ತಾರೆ, ಒಬ್ಬರಿಗೊಬ್ಬರು ಆಗುತ್ತಿದ್ದಾರೆ ಅನ್ನಿಸುತ್ತದೆ, ಅದಕ್ಕೇ ನನಗೆ ಎಲ್ಲೂ ತಡೆಯಬೇಕು ಅನ್ನಿಸಿರಲಿಲ್ಲ. 'ಸ್ವಲ್ಪ ನೋಡ್ಕೊಳ್ಳಿ ಸಾರ್' ಅನ್ನೋ ಮಾತು ಕೇಳಿ ಬೆಳೆದ ನಮಗೆ ಇದು ದೂರದ ದೇಶದ ಕಥೆ ಅನ್ನಿಸುವುದೇ ಇಲ್ಲ.

ಇನ್ನೊಂದು ಕಾರಣ ಕ್ಯಾಮೆರಾ. ಅದು ರೋಮಿಯೊನನ್ನು ಬಿಟ್ಟು ಕದಲುವುದಿಲ್ಲ. ಅವನಿಗೆ ಗೊತ್ತಿರುವಷ್ಟೇ ನಮಗೂ ಗೊತ್ತು. ಶುರುವಿನಲ್ಲೇ ಅವನ ಮನೆ ಕಿಟಕಿಗೆ ಕಲ್ಲು ಬೀಳುತ್ತದೆ, ಯಾರು ಎಸೆದರು ಅಂತ ಸಿನಿಮಾ ಹೇಳುವುದೇ ಇಲ್ಲ. ದೃಶ್ಯಗಳು ಉದ್ದ, ಕಟ್ ಕಡಿಮೆ. ಅಳು ಬರಿಸಲು ಹಿನ್ನೆಲೆ ಸಂಗೀತ ಇಲ್ಲ. ಅಂದರೆ ಇಲ್ಲಿ ಏನು ಅನ್ನಿಸಬೇಕು ಅಂತ ನಮಗೆ ಯಾರೂ ಹೇಳಿಕೊಡುವುದಿಲ್ಲ. ಫೋನ್ ಪಕ್ಕಕ್ಕಿಟ್ಟು ನೋಡಿ, ಇಲ್ಲದಿದ್ದರೆ ಸಂಭಾಷಣೆಯ ನಡುವಿನ ಮೌನ ಕೈತಪ್ಪುತ್ತದೆ.

ರೊಮೇನಿಯಾದ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಷೆಸ್ಕು ಆಡಳಿತ ಬಿದ್ದದ್ದು 1989ರ ಡಿಸೆಂಬರ್‌ನಲ್ಲಿ. ರೋಮಿಯೊ ಮತ್ತು ಅವನ ಹೆಂಡತಿ ಮಾಗ್ದಾ 1991ರಲ್ಲಿ ದೇಶ ಬದಲಾಗುತ್ತದೆ ಅಂತ ನಂಬಿ ವಾಪಸ್ ಬಂದವರು. ಇದು ತಲೆಯಲ್ಲಿದ್ದರೆ ಮಗಳನ್ನು ಹೇಗಾದರೂ ಹೊರಗೆ ಕಳಿಸಬೇಕು ಅನ್ನುವ ಅವನ ಹಟ ಅರ್ಥವಾಗುತ್ತದೆ. ತಾವು ಸೋತಿದ್ದೇವೆ ಅಂತ ಅವನು ತೀರ್ಮಾನಿಸಿಬಿಟ್ಟಿದ್ದಾನೆ. ಆದರೆ ಮಾಗ್ದಾ ಒಪ್ಪುವುದಿಲ್ಲ. ಮೊದಲ ಸಲ ಅವಳು ನನಗೆ ಬರೀ ಸೊರಗಿದ ಹೆಂಗಸಾಗಿ ಕಂಡಿದ್ದಳು. ಈ ಸಲ ನೋಡಿದರೆ ಮನೆಯಲ್ಲಿ ಮಗಳ ಮುಂದಿನ ಬದುಕು ಸುಳ್ಳಿನಿಂದ ಶುರುವಾಗಬಾರದು ಅಂತ ಹಿಡಿದು ನಿಂತವಳು ಅವಳೇ. ನನ್ನ ಪ್ರಕಾರ ಸಿನಿಮಾದ ಅತಿ ಗಟ್ಟಿ ಪಾತ್ರ ಅವಳದ್ದು, ಮಾತು ಕಡಿಮೆ ಅಷ್ಟೇ.

ಎಲೈಜಾ ಗೆರೆ ಎಳೆದಳಾ ಇಲ್ವಾ ಅನ್ನುವುದನ್ನು ನಾನು ಹೇಳುವುದಿಲ್ಲ.

2016ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಮುಂಜಿಯು ಅವರಿಗೆ ಇದಕ್ಕಾಗಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂತು, ಫ್ರೆಂಚ್ ನಿರ್ದೇಶಕ ಒಲಿವಿಯೆ ಅಸ್ಸಾಯಸ್ ಜೊತೆ ಹಂಚಿಕೆಯಾಗಿ. ಇದಾದ ಮೇಲೆ ಅವರ 2022ರ 'ಆರ್.ಎಂ.ಎನ್.' ನೋಡಿ. ಅದರಲ್ಲಿ ಊರಿನ ಸಭೆಯೊಂದನ್ನು ಕಟ್ ಮಾಡದೆ ಸುಮಾರು 17 ನಿಮಿಷ ಒಂದೇ ಶಾಟ್‌ನಲ್ಲಿ ತೋರಿಸಿದ್ದಾರೆ. ಬಾಣ ಹಾಕುವ ನನ್ನ ಉಪಾಯ ಅಲ್ಲಿ ನಡೆಯುವುದಿಲ್ಲ, ಇಡೀ ಊರು ಒಟ್ಟಿಗೆ ಮಾತಾಡುತ್ತದೆ. ಅದಕ್ಕೆ ಬೇರೆ ದಾರಿ ಹುಡುಕುತ್ತಿದ್ದೇನೆ.